ಮೊಳಕಾಲ್ಮೂರತ್ತೆ ಓದಿ ಹೇಳಿದ ಕಾದಂಬರಿ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಡೈರಿ ಬರೆಯುವ ಅಭ್ಯಾಸ ನನಗೆ ಹತ್ತಿದ್ದು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ. ನಾನೀಗ ಹೇಳಹೊರಟಿರುವುದು ಚಿಕ್ಕಂದಿನ ಒಂದು ಬೇಸಿಗೆ, ಅದು ನನ್ನ ಯಾವ ಡೈರಿಯಲ್ಲೂ ಇಲ್ಲ. ಅದು ಇರುವುದು ತಲೆಯಲ್ಲಿ ಮಾತ್ರ, ಮತ್ತು ತಲೆಯನ್ನು ನಾನು ಅಷ್ಟಾಗಿ ನಂಬುವವಳಲ್ಲ...

ನೆನಪನ್ನು ಎಬ್ಬಿಸಿದ್ದು ಶೇಂಗಾ ಸಿಪ್ಪೆಯ ವಾಸನೆ. ಚಳ್ಳಕೆರೆಯಲ್ಲಿ ನಾವು ಕೆಲವರು, ಓದುವ ಹುಚ್ಚಿನವರು, ತಿಂಗಳಿಗೊಮ್ಮೆ ಔಷಧಿ ಅಂಗಡಿಯವರ ಮನೆಯ ಮಹಡಿಯಲ್ಲಿ ಸೇರುತ್ತೇವೆ. ಆ ಭಾನುವಾರ ಪ್ರತಿಯೊಬ್ಬರೂ ತಮಗೆ ಅತ್ಯಂತ ಇಷ್ಟವಾದ ಕಾದಂಬರಿಯ ಬಗ್ಗೆ ಮಾತಾಡಬೇಕಿತ್ತು. ಔಷಧಿ ಅಂಗಡಿಯವರು ಎಂದಿನಂತೆ ಪತ್ತೇದಾರಿ ಕಾದಂಬರಿ ಹಿಡಿದರು. ನಿವೃತ್ತ ಮೇಷ್ಟ್ರು ಕುದುರೆ, ಕೋಟೆ, ಕತ್ತಿ ಇಲ್ಲದ ಪುಸ್ತಕ ಪುಸ್ತಕವೇ ಅಲ್ಲ ಅಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಬೆಂಕಿ ಉಗುಳುವ ಹಾವುಗಳ ಏಳು ಸಂಪುಟದ ಕಥೆ ಹೇಳಿ ಎಲ್ಲರನ್ನೂ ಸುಸ್ತು ಮಾಡಿದಳು. ಅಷ್ಟರಲ್ಲಿ ಎದುರಿನ ಗೋದಾಮಿನಲ್ಲಿ ಯಾರೋ ಶೇಂಗಾ ಚೀಲ ಸುರಿದಿರಬೇಕು. ಕಿಟಕಿಯಿಂದ ಆ ಒಣ ದೂಳಿನ ವಾಸನೆ ಒಳಗೆ ಬಂತು. ನನ್ನ ಸರದಿ ಬಂದಾಗ, ನಾನು ಸಿದ್ಧಮಾಡಿಕೊಂಡು ಹೋಗಿದ್ದ ಕಾದಂಬರಿ ಬಿಟ್ಟು ಬೇರೆಯೇ ಒಂದನ್ನು ಹೇಳಲು ಶುರು ಮಾಡಿದ್ದೆ.

ಹೇಳುತ್ತ ಹೋದೆ. ಎಲ್ಲರೂ ಕೇಳಿದರು. ಕೊನೆಗೆ ಮೇಷ್ಟ್ರು, "ಚೆನ್ನಾಗೈತಮ್ಮ. ಯಾರು ಬರೆದಿದ್ದು?" ಅಂದರು.

ಗೊತ್ತಿಲ್ಲ ಅಂದೆ.

"ಹೆಸರು?"

ಅದೂ ಗೊತ್ತಿರಲಿಲ್ಲ. ನಾನು ಆ ಕಾದಂಬರಿಯನ್ನು ಓದಿರಲಿಲ್ಲ, ಕೇಳಿದ್ದೆ.

ಓದಿ ಹೇಳಿದವರು ನಮ್ಮ ಪಕ್ಕದ ಮನೆಗೆ ಬಂದಿದ್ದ ಒಬ್ಬ ಹೆಂಗಸು. ಪಕ್ಕದ ಮನೆಯಾಕೆಯ ತಂಗಿ. ತವರು ಮೊಳಕಾಲ್ಮೂರು, ರೇಷ್ಮೆ ಸೀರೆ ನೇಯುವ ಮನೆತನ. ಕೊಟ್ಟಿದ್ದು ಗಡಿಯಾಚೆ, ತೆಲುಗು ಸೀಮೆಗೆ. ಅಕ್ಕನ ಬಾಣಂತನಕ್ಕೆಂದು ಬಂದವರು ಮಗು ಮಗುಚಿಕೊಳ್ಳುವ ಹೊತ್ತಾದರೂ ಹೋಗಿರಲಿಲ್ಲ. ಬೀದಿಯ ಮಕ್ಕಳೆಲ್ಲ ಅವರನ್ನು ಮೊಳಕಾಲ್ಮೂರತ್ತೆ ಅನ್ನುತ್ತಿದ್ದೆವು.

ಆಗ ಬಿತ್ತನೆ ಶೇಂಗಾವನ್ನು ಕೈಯಲ್ಲೇ ಸುಲಿಯುತ್ತಿದ್ದರು. ಮಿಷನ್ನಿಗೆ ಹಾಕಿದರೆ ಬೀಜದ ಮೇಲಿನ ಕೆಂಪು ಸಿಪ್ಪೆ ಕೀಳುತ್ತದೆ, ಕಿತ್ತರೆ ಮೊಳೆಯುವುದಿಲ್ಲ. ಮುಂಗಾರಿಗೆ ಮೊದಲು ಪಕ್ಕದ ಮನೆಯ ಹೊಲದ ಚೀಲಗಳು ಪಡಸಾಲೆಗೆ ಬರುತ್ತಿದ್ದವು. ಮಧ್ಯಾಹ್ನದ ಊಟ ಆದ ಮೇಲೆ ಬೀದಿಯ ಹೆಂಗಸರು ಸುತ್ತ ಕೂತು ಸುಲಿಯುತ್ತಿದ್ದರು. ಹೆಬ್ಬೆರಳು ಊದಿಕೊಂಡು, ಹಳೆ ಬಟ್ಟೆ ಸುತ್ತಿಕೊಂಡು, ಮತ್ತೆ ಸುಲಿಯುತ್ತಿದ್ದರು. ಬೇಸರ ಕಳೆಯಲು ಏನಾದರೂ ಬೇಕಿತ್ತು. ಹಾಗಾಗಿ ಅತ್ತೆ ಒಂದು ತೆಲುಗು ಕಾದಂಬರಿ ತಂದು ಕೂತರು. ಒಂದಿಷ್ಟು ಓದಿಕೊಂಡು, ಪುಸ್ತಕವನ್ನು ತೊಡೆಯ ಮೇಲೆ ಬೋರಲು ಹಾಕಿ, ಶೇಂಗಾ ಸುಲಿಯುತ್ತ ಓದಿದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದರು.

ಕಥೆ ದೊಡ್ಡದೇನಲ್ಲ. ಒಬ್ಬ ಹೆಂಗಸು, ಒಬ್ಬ ಗಂಡ. ಊರಿಗೆಲ್ಲ ಒಳ್ಳೆಯವನು. ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಕುಡಿಯುವುದಿಲ್ಲ. ಆದರೆ ಹೆಂಡತಿಯ ಜೊತೆ ಮಾತಾಡುವುದಿಲ್ಲ. ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿ ಬೀಗದಕೈ ತೆಗೆದುಕೊಂಡು ಹೋಗುತ್ತಾನೆ. ಆಕೆ ಒಳಗೆ ಕೂತು ಕಿಟಕಿಯಿಂದ ಬೀದಿ ನೋಡುತ್ತಾಳೆ. ಬೀದಿಯವರು, ಪುಣ್ಯವಂತೆ, ಹೊರಗಿನ ಕೆಲಸ ಒಂದೂ ಇಲ್ಲ ಅನ್ನುತ್ತಾರೆ...

ಅತ್ತೆಯದು ಒಂದು ಪದ್ಧತಿ ಇತ್ತು. ಪ್ರತಿ ಮಧ್ಯಾಹ್ನ ಕಥೆ ನಿಲ್ಲಿಸುವಾಗ ಕೇಳುತ್ತಿದ್ದರು: "ನೀವ್ ಹೇಳ್ರಿ, ಈಗ ಆಕೆ ಏನ್ ಮಾಡ್ಬೇಕು?" ಎಲ್ಲರೂ ಒಂದೊಂದು ಹೇಳುತ್ತಿದ್ದರು. ಯಾರ ಮಾತು ಸರಿ ಎಂದು ಕೇಳಿದರೆ ಅತ್ತೆ ನಗುತ್ತಿದ್ದರು. "ಏಮೋ ಅಕ್ಕಯ್ಯ, ನಂಗೇನ್ ಗೊತ್ತು? ನಾಳೆ ಪುಟದಾಗೆ ಐತೆ."

ಮತ್ತು ಮರುದಿನದ ಪುಟದಲ್ಲಿ ಬಹಳ ಸಲ ಆ ಹೆಂಗಸು, ಹಿಂದಿನ ದಿನ ನಮ್ಮ ಪಡಸಾಲೆಯಲ್ಲಿ ಹೆಚ್ಚು ಜನ ಏನು ಹೇಳಿದ್ದರೋ ಅದನ್ನೇ ಮಾಡಿರುತ್ತಿದ್ದಳು. ಆಗ ಇದು ಯಾರಿಗೂ ವಿಚಿತ್ರ ಅನಿಸಲಿಲ್ಲ. ಬರೆದವರಿಗೂ ನಮ್ಮಷ್ಟೇ ಬುದ್ಧಿ ಇದೆ ಅಂದುಕೊಂಡು ಎಲ್ಲರೂ ಖುಷಿಪಟ್ಟರು.

ಒಂದು ದಿನ ನಾನು ಆ ಪುಸ್ತಕ ತೆರೆದು ನೋಡಿದೆ. ಅತ್ತೆ ಒಳಗೆ ಮಗುವನ್ನು ತೂಗುತ್ತಿದ್ದರು. ತೆಲುಗು ನನಗೆ ಬರುತ್ತಿರಲಿಲ್ಲ, ಆದರೆ ಅಕ್ಷರಗಳು ನಮ್ಮವಕ್ಕೆ ಎಷ್ಟು ಹತ್ತಿರ ಎಂದರೆ, ತಡಕಾಡಿದರೆ ಅಲ್ಲೊಂದು ಇಲ್ಲೊಂದು ಪದ ಸಿಗುತ್ತಿತ್ತು. 'ಪೊಲೀಸು' ಸಿಕ್ಕಿತು. ಪುಟ ತಿರುಗಿಸಿದರೆ ಮತ್ತೆ 'ಪೊಲೀಸು'. 'ಹತ್ಯ' ಅನ್ನುವುದೂ ಸಿಕ್ಕಿತು. ಅತ್ತೆಯ ಕಥೆಯಲ್ಲಿ ಪೊಲೀಸರೂ ಇರಲಿಲ್ಲ, ಕೊಲೆಯೂ ಇರಲಿಲ್ಲ. ಆ ಭಾಗ ಇನ್ನೂ ಬಂದಿಲ್ಲ ಅಂದುಕೊಂಡು, ಯಾರಿಗೂ ಹೇಳದೆ, ನಾನು ದಿನವೂ ಕಾಯುತ್ತ ಕೂತೆ.

ಆ ಭಾಗ ಬರಲೇ ಇಲ್ಲ.

ಕಥೆಯ ಹೆಂಗಸು ಕೊನೆಗೆ ಆ ಮನೆ ಬಿಟ್ಟು ತನ್ನವರ ಮನೆಗೆ ಬಂದು ಕೂತಳು. ಗಂಡ ಹೇಳಿ ಕಳಿಸಿದ: ಬಂದು ಕರೆದುಕೊಂಡು ಹೋಗುತ್ತೇನೆ, ಸಿದ್ಧವಾಗಿರಲಿ. ಅವತ್ತು ಅತ್ತೆ ಕಥೆ ನಿಲ್ಲಿಸಿದ್ದು ಇಲ್ಲಿ. ಚೀಲಗಳು ಮುಗಿಯುತ್ತ ಬಂದಿದ್ದವು.

"ಹೇಳ್ರಿ. ಹೋಗ್ಬೇಕಾ, ಬ್ಯಾಡ್ವಾ?"

ಎದುರುಮನೆ ಅಜ್ಜಿಗೆ ರಕ್ತ ಹರಿಯುವ ಕಥೆಗಳೇ ಬೇಕು. "ಹೋಗ್ಲಿ. ಹೋಗಿ ಅವನ್ನ ಬಾವಿಗೆ ತಳ್ಳಲಿ ಅತ್ಲಾಗೆ. ಆಗ ನೋಡು, ಕಥೆಗೆ ರುಚಿ ಹತ್ತತೈತೆ."

ಬಟ್ಟೆ ಹೊಲಿಯುವಾಕೆಗೆ ದೆವ್ವದ ಕಥೆಯೆಂದರೆ ಪ್ರಾಣ. "ತಳ್ಳಿದ್ರೆ ಸುಮ್ನೆ ಬಿಡ್ತಾನಾ ಅಜ್ಜಿ? ಅಮಾಸೆ ಅಮಾಸೆಗೆ ಬಂದು ಬಾಗ್ಲು ಬಡೀತಾನೆ. ಬೀಗ ಅವನೇ ಹಾಕಿರ್ತಾನೆ, ಒಳಕ್ಕೆ ಬರಾಕೆ ಆಗಲ್ಲ!"

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು ಅನ್ನುವುದು ನನ್ನ ನೆನಪು. ಅವರ ಅಕ್ಕ ಮಾತ್ರ ಮಗು ಅತ್ತಂತಾಯಿತು ಎಂದು ಎದ್ದು ಒಳಗೆ ಹೋದರು. ಮಗು ಅತ್ತಿದ್ದು ನನಗಂತೂ ಕೇಳಿರಲಿಲ್ಲ.

ಆಮೇಲೆ ಎಲ್ಲರೂ ನಮ್ಮ ಅವ್ವನ ಕಡೆ ನೋಡಿದರು. ಆ ಬೀದಿಯಲ್ಲಿ ಲೈಬ್ರರಿಯಿಂದ ಕಾದಂಬರಿ ತಂದು ಓದುತ್ತಿದ್ದವಳು ಅವ್ವ ಒಬ್ಬಳೇ, ಹಾಗಾಗಿ ಈ ವಿಷಯದಲ್ಲಿ ಅವಳ ಮಾತಿಗೆ ತೂಕ. ಅವಳಿಗೆ ಬೇಕಾಗಿದ್ದು ಸಂಸಾರದ ಕಾದಂಬರಿ. ಎಷ್ಟು ಬೇಕಾದರೂ ಅಳಿಸಲಿ, ಕೊನೆಯಲ್ಲಿ ಒಡೆದದ್ದು ಕೂಡಬೇಕು. ಕೂಡದಿದ್ದರೆ ಪುಸ್ತಕವನ್ನು ಬಯ್ದುಕೊಂಡೇ ವಾಪಸ್ ಕೊಡುತ್ತಿದ್ದಳು.

"ಥೂ, ನಿಮಗೆ ಬರೀ ಹೆಣ ಬೇಕು, ದೆವ್ವ ಬೇಕು. ಹೋಗ್ಲಿ ಕಣಮ್ಮ ಆಕೆ. ಹೋಗಿ ಮುಂದೆ ನಿಂತ್ರೆ ಅವನೇ ಬೀಗ ತೆಗೀತಾನೆ. ಕೊನೇಗೆ ಒಂದಾಗ್ದಿದ್ರೆ ಅದೆಂಥ ಕಾದಂಬರಿ?"

"ಅಂಗಂತೀರಾ ಅಕ್ಕಯ್ಯ?" ಅಂದರು ಅತ್ತೆ.

"ಅಂಗೇ ಬರ್ದಿರ್ತಾರೆ, ನೋಡ್ತಿರು."

ಈ ಮಾತನ್ನು ಎಷ್ಟು ಸಲ ಒರೆಸಿ ಬರೆದಿದ್ದೇನೆ! ಅವ್ವ ಹೀಗೇ ಅಂದಳೇ? ಅಥವಾ ಅಜ್ಜಿ ಅಂದಿದ್ದನ್ನು ನಾನು ಅವ್ವನ ಬಾಯಿಗೆ ಇಡುತ್ತಿದ್ದೇನೆಯೇ? ಅತ್ತೆಯ ಪ್ರಶ್ನೆ ಮಾತ್ರ ಕಿವಿಯಲ್ಲಿ ಸ್ಪಷ್ಟವಾಗಿ ಉಳಿದಿದೆ. ಅದರಲ್ಲಿ ತಮಾಷೆ ಇರಲಿಲ್ಲ.

ಕೊನೆಯ ಚೀಲದ ದಿನ ಅತ್ತೆ ಕಾದಂಬರಿ ಮುಗಿಸಿಬಿಟ್ಟರು. "ಹೋದ್ಲು. ಬೀಗ ತೆಗ್ದ. ಚೆನ್ನಾಗಿದ್ರು." ಅಷ್ಟೇ. ಅಂದು ಅವರು ಪುಸ್ತಕವನ್ನು ತೆರೆದಿರಲೂ ಇಲ್ಲ. "ಅಯ್ಯೋ, ಇಷ್ಟೇನಾ?" ಎಂದು ಹೊಲಿಗೆಯಾಕೆ ಗೊಣಗಿದಳು. ಅವ್ವ ಮಾತ್ರ ಗೆದ್ದವಳ ಹಾಗೆ ಎಲ್ಲರ ಮುಖ ನೋಡಿದಳು.

ಅದಾಗಿ ಸ್ವಲ್ಪ ದಿನಕ್ಕೆ ಪಕ್ಕದ ಮನೆಗೆ ಒಬ್ಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು. ಅವ್ವ ಜಗಲಿಯಲ್ಲೇ ಕಾಫಿ ಕೊಟ್ಟು, ಒಳಗೆ ಬಂದು, "ಎಷ್ಟು ಒಳ್ಳೆ ಮನುಷ್ಯ" ಅಂದಳು. ಅವರು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದ ಬೀಗದಕೈ ಗೊಂಚಲು ನನ್ನ ಕಣ್ಣಿಗೆ ಕಟ್ಟಿದಂತಿದೆ... ಅದನ್ನೂ ನಾನು ಆಮೇಲೆ ಸೇರಿಸಿರಬಹುದು. ಅತ್ತೆ ಬ್ಯಾಗು ಹಿಡಿದು ಅವರ ಹಿಂದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಹೋಗುವ ಮುಂಚೆ ನಮ್ಮ ಬಾಗಿಲಿಗೆ ಬಂದು ಅವ್ವನಿಗೆ, "ಬರ್ತೀನಿ ಅಕ್ಕಯ್ಯ. ನೀವಂದಂಗೇ ಆಯ್ತು" ಅಂದರು. ಅವ್ವ ಕುಂಕುಮ ಕೊಟ್ಟಳು. ಆಮೇಲೆ ಅವರು ಮತ್ತೆ ಬರಲಿಲ್ಲ. ಒಂದೆರಡು ವರ್ಷಕ್ಕೆ ಪಕ್ಕದ ಮನೆಯವರೂ ಹೊಲ ಮಾರಿ ಊರು ಬಿಟ್ಟರು.

ಇಷ್ಟು ವರ್ಷ ಇದು ನನಗೆ ಇಷ್ಟದ ಒಂದು ಕಾದಂಬರಿಯಾಗಿಯೇ ಉಳಿದಿತ್ತು. ಎಂದಾದರೂ ಕನ್ನಡದಲ್ಲಿ ಸಿಕ್ಕರೆ ಓದಬೇಕು ಅಂದುಕೊಂಡಿದ್ದೆ. ಆ ಭಾನುವಾರ ಬ್ಯಾಂಕಿನ ಹುಡುಗಿ, "ಮೇಡಂ, ನಮ್ಮಮ್ಮ ತೆಲುಗು ಕಾದಂಬರಿ ಒಂದೂ ಬಿಟ್ಟಿಲ್ಲ, ಕೇಳಿ ಹೇಳ್ತೀನಿ" ಅಂದಳು. ಒಂದು ವಾರಕ್ಕೆ ಫೋನ್ ಮಾಡಿದಳು. "ಇಂಥ ಕಥೆ ಯಾವ್ದೂ ಇಲ್ವಂತೆ ಮೇಡಂ. ಬೀಗ ಹಾಕೋ ಗಂಡ ಅಂತ ಇದ್ದಿದ್ರೆ ನಾನು ಮರೀತಿದ್ನಾ ಅಂತಾರೆ."

ಒಬ್ಬರಿಗೆ ಗೊತ್ತಿಲ್ಲ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಇದನ್ನು ನನಗೆ ನಾನೇ ಹೇಳಿಕೊಂಡೆ. ಆದರೆ ಅವತ್ತಿನಿಂದ ಒಂದೊಂದೇ ಚೂರು ಎದ್ದು ಬರತೊಡಗಿತು. ಓದುವಾಗ ಗಾಳಿಗೆ ಪುಟ ಮಗುಚಿದರೂ ಅತ್ತೆ ಎಲ್ಲಿತ್ತು ಎಂದು ಹುಡುಕುತ್ತಿರಲಿಲ್ಲ. ಕಥೆಯ ಹೆಂಗಸು ಕಿಟಕಿಯಲ್ಲಿ ಕೂತು, ಬೀದಿಯಲ್ಲಿ ಹೋಗುವವರ ಸೀರೆಯ ಅಂಚು ನೋಡಿ ಅದನ್ನು ಯಾರ ಮನೆಯ ಮಗ್ಗದಲ್ಲಿ ನೇಯ್ದಿದ್ದು ಎಂದು ಹೇಳುತ್ತಿದ್ದಳು. ತೆಲುಗು ಕಾದಂಬರಿಯ ಹೆಂಗಸಿಗೆ ಮೊಳಕಾಲ್ಮೂರಿನ ಮಗ್ಗಗಳು ಹೇಗೆ ಗೊತ್ತು? ಇನ್ನು ಪುಟ ಪುಟದಲ್ಲೂ ಕಂಡ ಆ ಪೊಲೀಸರು... ಅತ್ತೆಯ ತೊಡೆಯ ಮೇಲಿದ್ದದ್ದು ಯಾವುದೋ ಪತ್ತೇದಾರಿ ಪುಸ್ತಕ. ಅವರು ಹೇಳಿದ್ದು ಅದನ್ನಲ್ಲ.

ಅದು ಅವರದೇ ಬದುಕಾಗಿದ್ದರೆ, ಆ ಪ್ರಶ್ನೆಯೂ ಅವರದೇ. ಅದಕ್ಕೆ ಉತ್ತರ ಕೊಟ್ಟವರು, ತಮಗೆ ಯಾವ ಬಗೆಯ ಕಾದಂಬರಿ ಇಷ್ಟ ಎಂದಷ್ಟೇ ಯೋಚಿಸಿ ಕೊಟ್ಟಿದ್ದರು.

ಸುಮ್ಮನೆ ಇರಲಾಗಲಿಲ್ಲ. ಒಂದು ಬೆಳಗ್ಗೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಅವರು ಸಿಕ್ಕರೆ ಏನು ಕೇಳುವುದು ಎನ್ನುವುದೇ ಹೆದರಿಕೆ. ಸೀರೆ ಅಂಗಡಿಯೊಂದರಲ್ಲಿ ವಿಚಾರಿಸಿದರೆ, ಅವರು ಇವರು ಸೇರಿ ಕೊನೆಗೆ ಒಂದು ಮನೆ ತೋರಿಸಿದರು. ಒಳಗೆ ಮಗ್ಗದ ಸದ್ದು. ಅತ್ತೆಯ ಅಣ್ಣನ ಮಗ ಹೊರಗೆ ಬಂದರು, ನನಗಿಂತ ಸ್ವಲ್ಪ ದೊಡ್ಡವರು. ಚಳ್ಳಕೆರೆಯಿಂದ ಬಂದಿದ್ದೇನೆ, ಹೀಗೆ ಹೀಗೆ, ನಿಮ್ಮ ಸೋದರತ್ತೆ ನಮಗೆ ಕಥೆ ಹೇಳುತ್ತಿದ್ದರು ಎಂದೆ.

"ಆಯಮ್ಮನಾ? ಆಯಮ್ಮ ಇಲ್ಲ ಕಣಮ್ಮ. ಯಾವ ಕಾಲದ ಮಾತು."

"ಏನಾಗಿತ್ತು?"

ಒಳಗಿನಿಂದ ಒಂದು ಹೆಣ್ಣುದನಿ ತೆಲುಗಿನಲ್ಲಿ ಏನೋ ಅಂದಿತು. ಅವರು ಅತ್ತ ನೋಡಿ, ಇತ್ತ ನೋಡಿ, "ಸೀರೆ ನೋಡ್ತೀರೇನ್ರಿ? ಹೊಸ ಅಂಚು ಹಾಕೀವಿ" ಅಂದರು.

ನೋಡಿದೆ. ಸಂಜೆಯ ಬಸ್ಸಿಗೆ ವಾಪಸ್ ಬಂದೆ.

ಎಲ್ಲರೂ ಸಾಯುತ್ತಾರೆ, ವಯಸ್ಸಾಗಿಯೋ ಕಾಯಿಲೆಯಿಂದಲೋ. ಅತ್ತೆಯೂ ಹಾಗೇ ಹೋಗಿರಬಹುದು. ಆ ಗಂಡ ನಿಜವಾಗಿಯೂ ಒಳ್ಳೆಯವರಾಗಿದ್ದು, ಕಾದಂಬರಿಯೂ ನಿಜವಾಗಿಯೂ ಎಲ್ಲೋ ಅಚ್ಚಾಗಿದ್ದು, ನಾನೇ ಓದಿನ ಹುಚ್ಚಿನಲ್ಲಿ ಎರಡನ್ನೂ ಸೇರಿಸಿ ಹೊಲಿದಿರಬಹುದು. ದಿನವೂ ಡೈರಿಯಲ್ಲಿ ಇದನ್ನು ಬರೆಯುತ್ತೇನೆ, ಮರುದಿನ ಓದಿದಾಗ ನನಗೇ ನಂಬಿಕೆ ಬರುವುದಿಲ್ಲ. ಹೇಗಿದ್ದರೂ ಅವರಿಲ್ಲ. ಅಷ್ಟು ಜನರ ಮಧ್ಯೆ ಕೂತು, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಏನು ಮಾಡಬೇಕು ಎಂದು ಕೇಳಿದವರು ಇನ್ನಿಲ್ಲ.

ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ಕಣ್ಣು ಮಂಜಾಗಿ ಓದುವುದು ನಿಂತಿದೆ. ಸಂಜೆಗೆ ಧಾರಾವಾಹಿ ಹಾಕಿಕೊಂಡು, ಸೊಸೆ ಮನೆಬಿಟ್ಟು ಹೊರಟರೆ, "ವಾಪಸ್ ಬರ್ತಾಳೆ ಬಿಡು" ಎಂದು ಟಿವಿಗೇ ಧೈರ್ಯ ಹೇಳುತ್ತಾಳೆ. ಮೊಳಕಾಲ್ಮೂರಿನಿಂದ ಬಂದ ಮರುದಿನ, ಜಾಹೀರಾತು ಬಂದಾಗ, ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಅತ್ತೆ ಇಲ್ಲವಂತೆ ಅಂದೆ. ಅವ್ವನ ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗಿತು, ಸಿಪ್ಪೆ ಒಡೆಯುವಾಗ ಮಾಡುತ್ತಿದ್ದ ಹಾಗೆಯೇ. ಧಾರಾವಾಹಿ ಮತ್ತೆ ಶುರುವಾಯಿತು. ಅವಳು ಟಿವಿಯ ಕಡೆ ತಿರುಗಿದಳು. ಆದರೂ ಕೇಳಿದೆ.

"ಅವ್ವ, ಅವತ್ತು ಹೋಗ್ಲಿ ಅಂದ್ಯಲ್ಲ... ಅದು ಬರೀ ಕಾದಂಬರಿ ಅಂದ್ಕೊಂಡೇ ಅಂದ್ಯಾ?"