ವೀರಮಾತೆಯ ಮಾತು ಬರೆದವನು

ಯುದ್ಧ ಶುರುವಾದ ಎರಡನೇ ದಿನ ನಮ್ಮ ಕಾಲೊನಿಯ ಹೆಸರಿನ ಫಲಕಕ್ಕೆ ಗೋಣಿಚೀಲ ಕಟ್ಟಲಾಯಿತು. ಶತ್ರುವಿಗೆ ಬೈರಿದೇವರಕೊಪ್ಪದ ಗುರುತು ಸಿಗಬಾರದು ಎನ್ನುವುದು ಸಮಿತಿಯ ಅಧ್ಯಕ್ಷರ ಆಲೋಚನೆ. ಶತ್ರುವಿನ ವಿಷಯ ಗೊತ್ತಿಲ್ಲ, ಗ್ಯಾಸ್ ಸಿಲಿಂಡರಿನವನಿಗಂತೂ ಸಿಗಲಿಲ್ಲ. ಅವನು ಎರಡು ಸುತ್ತು ಹೊಡೆದು ಗಾಡಿ ತಿರುಗಿಸಿಕೊಂಡು ಹೋದ.

ಅಧ್ಯಕ್ಷರು ಅರಳೆ ವ್ಯಾಪಾರಿ, ಒಳ್ಳೆಯ ಮನುಷ್ಯ. ಆದರೆ ಟಿವಿ ಹಚ್ಚಿಕೊಂಡು ಕೂತರೆ ಅವರಿಗೆ ಮೈಮೇಲೆ ಬರುತ್ತಿತ್ತು. ಒಂದು ಬೆಳಿಗ್ಗೆ ಶತ್ರುವಿನ ಬಂದರು ನಮ್ಮ ಕೈಸೇರಿತೆಂದು ಫೇಡೆ ಹಂಚಿದರು. ಸಂಜೆಗೆ ಆ ಸುದ್ದಿ ಸುಳ್ಳಾಯಿತು. "ಇರ್ಲಿ ಬಿಡ್ರಿ, ನಾಳಿಗೆ ಸಿಗತೈತಿ," ಎಂದು ಉಳಿದ ಫೇಡೆಯನ್ನೂ ಹಂಚಿದರು. ನಾನೂ ಎರಡು ತಿಂದೆ. ಸುಳ್ಳೇಕೆ ಹೇಳಲಿ, ಆ ದಿನಗಳಲ್ಲಿ ನನ್ನ ರಕ್ತವೂ ಬಿಸಿಯಾಗಿತ್ತು.

ನಮ್ಮ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸೊಬ್ಬರಿದ್ದಾರೆ. ಗಂಡ ಇಲ್ಲ. ಒಬ್ಬನೇ ಮಗ, ಸೈನ್ಯದಲ್ಲಿದ್ದಾನೆ. ಯುದ್ಧ ಶುರುವಾದಂದಿನಿಂದ ಅವನ ಫೋನ್ ಬರಲಿಲ್ಲ, ಇವರು ಹಚ್ಚಿದರೂ ಹತ್ತುತ್ತಿರಲಿಲ್ಲ. ಹಿಟ್ಟಿನ ಬುಟ್ಟಿಯ ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಎರಡು ರೊಟ್ಟಿಗೊಮ್ಮೆ ನೋಡುತ್ತಿದ್ದರು. ರೊಟ್ಟಿ ಸಣ್ಣದಾಯಿತೆಂದು ಅವರೊಡನೆ ಜಗಳ ತೆಗೆಯುತ್ತಿದ್ದ ಓಣಿ ಒಮ್ಮೆಲೇ ಅವರನ್ನು ವೀರಮಾತೆ ಎಂದು ಕರೆಯತೊಡಗಿತು.

ಭಾನುವಾರ ಆಕೆಗೆ ಸನ್ಮಾನವೆಂದು ಗೊತ್ತಾಯಿತು. ಕನ್ನಡ ಮಾಸ್ತರನಾಗಿ ನಿವೃತ್ತನಾದ ನನಗೆ ಆಕೆಯ ಭಾಷಣ ಬರೆಯುವ ಕೆಲಸ ಬಂತು.

"ಜನರ ಎದಿ ಉಬ್ಬಬೇಕ್ರಿ ಮಾಸ್ತರ, ಕಣ್ಣಾಗ ನೀರೂ ಬರಬೇಕು. ಎರಡೇ ನಿಮಿಷದಾಗ," ಎಂದರು ಅಧ್ಯಕ್ಷರು.

ಫ್ಯಾನಿನ ಕೆಳಗೆ ಕೂತು, ಎರಡು ಕಪ್ ಚಹಾ ಕುಡಿದು ಬರೆದೆ: "ನನಗೆ ಇನ್ನೊಬ್ಬ ಮಗನಿದ್ದರೆ ಅವನನ್ನೂ ನಗುನಗುತ್ತಾ ಕೊಡುತ್ತಿದ್ದೆ." ಬರೆದು ನಾನೇ ಕಣ್ಣೊರೆಸಿಕೊಂಡೆ. ನನ್ನ ಮಗ ವಿದ್ಯಾನಗರದಲ್ಲಿ ಔಷಧ ಅಂಗಡಿ ಇಟ್ಟಿದ್ದಾನೆ. ಅವನಿಗೆ ನೆಗಡಿಯಾದರೆ ನನಗೆ ನಿದ್ದೆ ಹತ್ತುವುದಿಲ್ಲ.

ಸನ್ಮಾನದ ದಿನ ಆಕೆಗೆ ಹಾರ ಹಾಕಿದರು, ಶಾಲು ಹೊದಿಸಿದರು. ಆಕೆ ನನ್ನ ಚೀಟಿಯನ್ನು ಬಿಡಿಸಿ ನೋಡಿ, ಮತ್ತೆ ಮಡಚಿ ಮೈಕ್ ಹಿಡಿದರು.

"ನನ್ನ ಮಗನ ಫೋನ್ ಬರಲಾರದ ಐದು ದಿನ ಆತ್ರಿ. ಇಲ್ಲಿ ದೊಡ್ಡವರೆಲ್ಲಾ ಅದೀರಿ. ಅಂವ ಎಲ್ಲದಾನ, ಯಾರಿಗರ ಗೊತ್ತಿದ್ರ ಹೇಳ್ರಿ."

ಅಧ್ಯಕ್ಷರು ಕೈಯೆತ್ತಿ ಜೈಕಾರ ಹಾಕಿದರು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಕೆ ಉತ್ತರಕ್ಕೆ ಕಾಯುತ್ತಾ ಮೈಕ್ ಹಿಡಿದೇ ನಿಂತಿದ್ದರು. ಚಪ್ಪಾಳೆ ಇನ್ನೂ ಜೋರಾಯಿತು. ನಾನೂ ತಟ್ಟಿದೆ. ಸುತ್ತಲಿನವರೆಲ್ಲ ತಟ್ಟುವಾಗ ಕೈ ಸುಮ್ಮನಿರುವುದಿಲ್ಲ.

ಆ ಸಂಜೆಯೇ ಆಕೆಯ ಫೋಟೊ, ಹಿಂದೆ ಹಾರುವ ವಿಮಾನಗಳು, ಕೆಳಗೆ ನನ್ನ ವಾಕ್ಯ, ಎಲ್ಲ ಸೇರಿ ಕಾಲೊನಿಯ ವಾಟ್ಸಾಪ್ ಗುಂಪಿನಿಂದ ಹೊರಟು ಊರೆಲ್ಲ ತಿರುಗಿತು.

"ಆಕಿ ಹಾಂಗ ಅನ್ನಲೇ ಇಲ್ಲಲ್ರಿ," ಎಂದೆ.

"ಅನ್ನೂದಿತ್ತಲ್ರಿ. ಚೀಟಿ ಕೈಯಾಗ ಇತ್ತು," ಎಂದರು ಅಧ್ಯಕ್ಷರು.

ನಾನು ಹೆಚ್ಚು ಎಳೆದಾಡಲಿಲ್ಲ. ವಾಕ್ಯ ಚೆನ್ನಾಗಿದೆಯೆಂದು ಧಾರವಾಡದಿಂದಲೂ ಹೊಗಳಿಕೆ ಬಂದಿತ್ತು, ನನಗೆ ಅದು ಹಿತವಾಗಿತ್ತು.

ಎರಡು ದಿನಕ್ಕೆ ಯುದ್ಧ ನಿಂತಿತು. ಅಧ್ಯಕ್ಷರ ಮುಖ ಸಣ್ಣದಾಯಿತು. "ಒಂದು ತಿಂಗಳಾದ್ರೂ ನಡೀತೈತಿ ಅಂತ ಹನ್ನೆರಡು ಶಾಲ್ ತರಿಸೇನ್ರಿ," ಎಂದು ನನ್ನ ಮುಂದೆ ಅಲವತ್ತುಕೊಂಡರು.

ಮರುದಿನ ಬೆಳಿಗ್ಗೆ ಆಕೆ ನಮ್ಮ ಮನೆಗೆ ಬಂದರು. ಮಗನ ಫೋನ್ ಬಂದಿತ್ತಂತೆ, ಸುಖವಾಗಿದ್ದಾನಂತೆ. ನಾನು ಖುಷಿಯಿಂದ ಕುರ್ಚಿ ಎಳೆದುಕೊಟ್ಟೆ. ಆಕೆ ಕೂಡಲಿಲ್ಲ.

"ಆ ಫೋಟೊ ಅವನ ತನಕಾ ಹೋಗೇತ್ರಿ ಮಾಸ್ತರ. 'ಅವ್ವಾ, ನೀ ಖರೇನ ಹಾಂಗ ಅಂದಿಯೇನು?' ಅಂತ ಕೇಳಿದ. ಇಲ್ಲಪಾ ಅಂದ್ರ ನಂಬವಲ್ಲ. ನೀವ ಹೇಳ್ರಿ ಅವಗ."

ನಂಬರು ಹಚ್ಚಿ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಮೂವತ್ತು ವರ್ಷ ಪಾಠ ಹೇಳಿದ ನನಗೆ ನಾಚಿಕೆಯಾಯಿತು.

"ನಿಮ್ಮವ್ವ ಹಾಂಗ ಅಂದಿಲ್ಲಪಾ. ಅದು ನಾ ಬರದದ್ದು," ಎಂದೆ.

ಆ ಕಡೆಯಿಂದ ಅವನು ಮೆಲ್ಲಗೆ ಕೇಳಿದ: "ಹಂಗಾರ ನಮ್ಮವ್ವ ಏನಂದ್ಲರಿ, ಸರ?"

"ನನ್ನ ಮಗ ಎಲ್ಲದಾನ ಅಂತ ನಮ್ಮನ್ನ ಕೇಳಿದ್ರಪಾ. ನಾವೆಲ್ಲಾ ಚಪ್ಪಾಳಿ ಹೊಡದ್ವಿ."