ಬೊರಿವಲಿಯಿಂದ ಬೈಕುಲ್ಲಾಕ್ಕೆ, ಸ್ಕ್ಯಾನಿನ ಚೀಲ ಹಿಡಿದು

ಬೆಳಿಗ್ಗೆ ಹತ್ತೂ ಇಪ್ಪತ್ತರ ಫಾಸ್ಟ್ ಲೋಕಲ್ ಹಿಡಿದೆವು, ನಾನು ಮತ್ತು ಒಂಬತ್ತು ವರ್ಷದ ಮಗಳು ಸಹನಾ. ಬೊರಿವಲಿಯಿಂದ ದಾದರ್, ಅಲ್ಲಿ ಸೇತುವೆ ದಾಟಿ ಇನ್ನೊಂದು ಲೈನಿನ ಸ್ಲೋ ಗಾಡಿಯಲ್ಲಿ ಬೈಕುಲ್ಲಾ. ಹೋಗಿಬರಲು ನನಗೆ ಮೂವತ್ತು ರೂಪಾಯಿ, ಅವಳಿಗೆ ಅರ್ಧ ಟಿಕೆಟ್. ಮಳೆಗಾಲ ಮುಗಿದು ಬಿಸಿಲು ಚುರುಗುಡುತ್ತಿತ್ತು. ಒಂದು ಚೀಲದಲ್ಲಿ ನೀರು, ಊಟದ ಡಬ್ಬಿ. ಇನ್ನೊಂದರಲ್ಲಿ ಸಹನಾಳ ತಲೆಯ ಸ್ಕ್ಯಾನ್. ಅದನ್ನು ಮಡಚಬಾರದು ಎಂದಿದ್ದರು. ಎದೆಗೆ ಆನಿಸಿಕೊಂಡೇ ಕೂತೆ.

ಹದಿನೈದು ದಿನದ ಹಿಂದೆ ಜಡೆ ಹೆಣೆಯುವಾಗ ಅವಳ ಬಲಗೈ ತಾನಾಗಿ ಕುಣಿಯತೊಡಗಿತ್ತು. "ಸುಮ್ನ ಕುಂದರ, ಮಂಗ್ಯಾನಂಗ ಆಡಬ್ಯಾಡ" ಎಂದು ತಲೆಗೆ ಮೊಟಕಿದೆ. ಆಮೇಲೆ ಬಾಯಿ ಸೊಟ್ಟಗಾಯಿತು, ಕಣ್ಣು ಮೇಲಾಯಿತು. ಚಾಳಿನ ಪಕ್ಕದ ಮನೆಯವರು ಓಡಿಬಂದು ಅಂಗೈಯಲ್ಲಿ ಕೀಲಿಕೈ ಹಿಡಿಸಿದರು. ಸ್ಕ್ಯಾನ್ ನೋಡಿದ ನಮ್ಮ ಗಲ್ಲಿಯ ಡಾಕ್ಟರು ಮಿದುಳಿನಲ್ಲಿ ಒಂದು ಚುಕ್ಕೆ ಇದೆ ಎಂದು ಹೇಳಿ, ಬೈಕುಲ್ಲಾದ ದೊಡ್ಡ ಡಾಕ್ಟರಿಗೆ ಚೀಟಿ ಬರೆದುಕೊಟ್ಟಿದ್ದರು. ಅದು ಗಡ್ಡೆಯಾಗಿದ್ದರೆ? ಬೇರೆ ಯಾವ ಯೋಚನೆಯೂ ನನ್ನ ತಲೆಯಲ್ಲಿರಲಿಲ್ಲ.

ಸಾಂತಾಕ್ರೂಜ್ ದಾಟಿದ ಮೇಲೆ ಎಲ್ಲೋ ಹಳಿಯ ಪಕ್ಕ ಸೊಪ್ಪಿನ ಮಡಿಗಳು ಕಂಡವು.

"ಅವ್ವಾ, ದೇಖ್, ನಮ್ಮ ತಪ್ಪಲಾ!" ಎಂದಳು ಸಹನಾ.

ನಾವು ವಿಜಯಪುರದ ಕಡೆಯವರು. ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯದ ತಪ್ಪಲು ಕಚ್ಚದಿದ್ದರೆ ಊಟ ಇಳಿಯುವುದಿಲ್ಲ. ಸ್ಟೇಷನ್ ಹೊರಗೆ ಬುಟ್ಟಿಯಲ್ಲಿಟ್ಟು ಮಾರುವ ಮೆಂತ್ಯ ಅಗ್ಗ, ತಾಜಾ. ದಿನಕ್ಕೊಂದು ಸಿವುಡು ತರುತ್ತೇನೆ. ಅಂದಿನ ಡಬ್ಬಿಯಲ್ಲೂ ಇತ್ತು. ಮಡಿಯಲ್ಲಿ ಒಬ್ಬ ಮೋರಿಯಿಂದ ಡಬ್ಬ ತುಂಬಿ ಗಿಡಗಳಿಗೆ ನೀರು ಚಿಮುಕಿಸುತ್ತಿದ್ದ. ಆ ಹಸಿರು ನೋಡಿ ಮನಸ್ಸು ಚೂರು ಹಗುರಾಯಿತು.

ಆಸ್ಪತ್ರೆಯಲ್ಲಿ ನಮ್ಮ ನಂಬರು ಬರಲು ಎರಡು ತಾಸು ಹಿಡಿಯಿತು. ಡಾಕ್ಟರ್ ನಡುವಯಸ್ಸಿನ ಹೆಂಗಸು, ಬೆಳಗಾವಿ ಕಡೆಯವರು. ನನ್ನ ಹಿಂದಿ ಕೇಳಿದವರೇ ಕನ್ನಡಕ್ಕೆ ಇಳಿದರು. ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಗಡ್ಡಿ ಏನ್ರಿ?" ಎಂದೆ.

"ಗಡ್ಡಿ ಅಲ್ರಿ. ಲಾಡಿಹುಳದ ಮರಿ. ಹಂದಿ ಮಾಂಸದಿಂದ ಬರೋ ಜಾತಿದು."

"ಡಾಕ್ಟರಬಾಯಿ, ನಾವು ಲಿಂಗಾ ಕಟ್ಟಿದವರು! ತತ್ತಿ ಸುದ್ದಾ ಮುಟ್ಟಂಗಿಲ್ಲ. ಇದು ಬ್ಯಾರೇದವರ ಫೋಟೋ ಇರಬೇಕು, ಹೆಸರು ನೋಡ್ರಿ."

"ಹೆಸರು ಸಹನಾಂದ ಐತಿ," ಎಂದು ಅವರು ನಕ್ಕರು. "ಹಂದಿ ತಿಂದವರಿಗೆ ಹೊಟ್ಟ್ಯಾಗ ಹುಳ ಆಗತೈತಿ. ಅವರ ಮಲದಾಗ ಹುಳದ ತತ್ತಿ ಬೀಳತಾವು. ಆ ಹೊಲಸು ನೀರು ಕುಡದು ಬೆಳದ ತಪ್ಪಲಾ ಹಸೀದು ತಿಂದ್ರ, ತತ್ತಿ ನಮ್ಮ ಹೊಟ್ಟಿಗೆ ಹೋಗಿ, ಮರಿ ರಕ್ತದಾಗ ಮಿದುಳ ಮುಟ್ಟತೈತಿ. ಹಸೀ ತಪ್ಪಲಾ ತಿಂತೀರೇನು?"

"ಡಬ್ಬ್ಯಾಗ ಐತಿ" ಎಂದಳು ಸಹನಾ.

ನಮ್ಮ ಚಾಳಿನಲ್ಲಿ ನಳದ ನೀರು ಬರುವುದು ದಿನಕ್ಕೆ ಮುಕ್ಕಾಲು ತಾಸು. ತಪ್ಪಲನ್ನು ಒಂದು ಬೋಗುಣಿ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುತ್ತಿದ್ದೆ, ಮಣ್ಣು ಹೋದರೆ ಸಾಕೆಂದು. ರೊಟ್ಟಿಯಲ್ಲಿ ಸುತ್ತಿ ನನ್ನ ಕೈಯಿಂದಲೇ ಅವಳ ಬಾಯಿಗೆ ಇಡುತ್ತಿದ್ದೆ.

ಡಾಕ್ಟರ್ ಮೂರು ಪುಟ್ಟ ಡಬ್ಬಿ ಕೊಟ್ಟರು: ನನಗೆ, ಯಜಮಾನರಿಗೆ, ಅತ್ತೆಗೆ. ಮಲ ಪರೀಕ್ಷೆಗೆ.

"ನಮಗೂ ಏನ್ರಿ?"

"ಯಾರು ಹೊರಗ ಏನ್ ತಿಂದಾರ, ಯಾರ ಹೊಟ್ಟ್ಯಾಗ ಏನೈತಿ ಅಂತ ಮುಖಾ ನೋಡಿ ಹೇಳಾಕ ಬರಂಗಿಲ್ರಿ. ಮತ್ತ ಕೇಳ್ರಿ, ಹುಳ ಸಾಯೋ ಮುಂದ ಸುತ್ತ ಬಾವು ಬರತೈತಿ, ಫಿಟ್ಸ್ ಇನ್ನೊಮ್ಮೆ ಬರಬಹುದು. ಅದಕ್ಕ ಸೋಮವಾರ ಅಡ್ಮಿಟ್ ಮಾಡ್ರಿ, ಇಲ್ಲೇ ಗುಳಿಗಿ ಶುರು ಮಾಡೋಣು. ಫಿಟ್ಸಿನ ಗುಳಿಗಿ ಮಾತ್ರ ಒಂದು ದಿನಾನೂ ತಪ್ಪಬಾರದು. ತಪ್ಪಲಾ ಕುದಿಸಿ ತಿನ್ರಿ, ಕೈ ಸಾಬೂನು ಹಚ್ಚಿ ತೊಳೀರಿ. ಹುಳ ಇದ್ದವರ ಹೊಲಸು ಕೈಯಿಂದನೂ ತತ್ತಿ ಬಾಯಿಗೆ ಹೋಗತಾವು."

ಗಡ್ಡೆಯಲ್ಲ ಎಂಬ ಸಮಾಧಾನ ಮೆಟ್ಟಿಲು ಇಳಿಯುವವರೆಗೂ ಉಳಿಯಲಿಲ್ಲ. ಮಗಳ ತಲೆಯೊಳಗೆ ಒಂದು ಜೀವ ಇದೆ, ಅದು ಸಾಯುವಾಗಲೂ ಅವಳನ್ನು ಅಲ್ಲಾಡಿಸುತ್ತದೆ. ಊಟದ ಡಬ್ಬಿ ಬಿಚ್ಚಲಿಲ್ಲ. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಹೊಗೆಯಾಡುವ ಇಡ್ಲಿ ಕೊಡಿಸಿದೆ.

ನಾಲ್ಕರ ಸುಮಾರಿಗೆ ದಾದರ್‌ನಲ್ಲಿ ಮರಳುವ ಗಾಡಿ ಸಿಕ್ಕಿತು. ಸಹನಾಳಿಗೆ ಕಿಟಕಿಯ ಬಳಿ ಜಾಗವಾಯಿತು; ನಾನು ಕಂಬಿ ಹಿಡಿದು ಅವಳೆದುರು ನಿಂತೆ. ಅವಳ ಪಕ್ಕದ ಹೆಂಗಸು ಮಡಿಲಲ್ಲಿ ಪೇಪರು ಹಾಸಿ ಮೆಂತ್ಯದ ಎಲೆ ಬಿಡಿಸಿ ಸೋಸುತ್ತಿದ್ದಳು. ಮನೆ ಮುಟ್ಟುವಷ್ಟರಲ್ಲಿ ಪಲ್ಯಕ್ಕೆ ತಯಾರಾಗಬೇಕಲ್ಲ, ಲೋಕಲ್‌ನಲ್ಲಿ ಎಲ್ಲರೂ ಮಾಡುವುದೇ. ಬೇರೆ ದಿನವಾಗಿದ್ದರೆ ನಾನೂ ಒಂದು ಹಿಡಿ ಸೋಸಿಕೊಡುತ್ತಿದ್ದೆ.

"ಲೇ ಬೇಟಾ, ಹೆಲ್ಪ್ ಕರ್" ಎಂದು ಆಕೆ ನಗುತ್ತ ಒಂದು ದಂಟು ಕೊಟ್ಟಳು. ಸಹನಾ ಎಲೆ ಕಿತ್ತವಳೇ, ಅಭ್ಯಾಸಬಲದಿಂದ, ಬಾಯಿಗೆ ಹಾಕಿಕೊಂಡಳು.

ನಾನು ಅವಳ ಗಲ್ಲ ಹಿಡಿದು ಬಾಯಿ ತೆರೆಸಿ, ನಾಲಿಗೆಯ ಮೇಲಿನ ಎಲೆಯನ್ನು ಬೆರಳಿನಿಂದ ಗೀರಿ ತೆಗೆದೆ. ಬೋಗಿಯೆಲ್ಲ ನಮ್ಮತ್ತ ತಿರುಗಿತು. "ಅಗ ಬಾಯಿ, ವಿಷ ಹೈ ಕ್ಯಾ?" ಎಂದಳು ಮೆಂತ್ಯದಾಕೆ.

ಸಹನಾ ಅಳಲಿಲ್ಲ. ನನ್ನ ಬೆರಳನ್ನೇ ನೋಡುತ್ತಿದ್ದಳು.

"ಅವ್ವಾ, ನೀ ಕೈ ತೊಳಕೊಂಡಿಲ್ಲಲ್ಲಾ?"

ಸೇತುವೆಯ ಕಟಕಟೆ ಹಿಡಿದು ಹತ್ತಿದ್ದ, ಅಲ್ಲಿಂದ ಈ ಕಂಬಿ ಹಿಡಿದಿದ್ದ ಕೈ. ಬಾಟಲಿಯಲ್ಲಿ ನೀರು ಮುಗಿದಿತ್ತು.

ಸಾಂತಾಕ್ರೂಜ್ ಹತ್ತಿರ ಬಂತು. ಮಡಿಗಳ ಕಡೆ ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ. ಅಂಧೇರಿಯಲ್ಲಿ ನನಗೂ ಜಾಗ ಸಿಕ್ಕಿತು. ಬೊರಿವಲಿ ಬರುವವರೆಗೆ ಎರಡೂ ಅಂಗೈ ಮೇಲೆ ಮಾಡಿ ಮಡಿಲಲ್ಲಿಟ್ಟುಕೊಂಡು ಕೂತೆ, ಅವಳಿಗೆ ತಾಗದ ಹಾಗೆ.