ಚೆಕಿಂಗಕ್ಕನೂ ಇಸ್ತ್ರಿ ಮೇಷ್ಟ್ರೂ

ಇಪ್ಪತ್ತೊಂಬತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವಳಿಗೆ ಮುಖ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬಸ್ಸು ಹತ್ತಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಯಾರ ಬಳಿ ಟಿಕೆಟ್ ಇಲ್ಲವೆಂದು ಚೆಕಿಂಗಕ್ಕನಿಗೆ ಗೊತ್ತಾಗಿಬಿಡುತ್ತಿತ್ತು. ಒಬ್ಬ ಇದ್ದಕ್ಕಿದ್ದಂತೆ ಕಿಟಕಿಯಾಚೆ ನೋಡತೊಡಗುತ್ತಾನೆ, ಇನ್ನೊಬ್ಬನ ಕತ್ತು ಕೆಂಪಾಗುತ್ತದೆ, ಮತ್ತೊಬ್ಬಳಿಗೆ ಆಗಲೇ ಗಾಢ ನಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ. ಒಬ್ಬನನ್ನೂ ಬಿಟ್ಟವಳಲ್ಲ ಆಕೆ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಎರಡು ಪಾಳಿಗಳ ನಡುವೆ ಪೋಕರ್ ನಡೆಯುತ್ತಿತ್ತು. ಹಣ ಇಡುವಂತಿಲ್ಲ, ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳಷ್ಟೆ. ವರ್ಷಕ್ಕೊಮ್ಮೆ ನೌಕರರ ಸಂಘ ಪಂದ್ಯ ನಡೆಸಿ, ಗೆದ್ದ ಒಬ್ಬರನ್ನು ಎಲ್ಲ ಡಿಪೋಗಳ ದೊಡ್ಡ ಪಂದ್ಯಾವಳಿಗೆ ಕಳಿಸುತ್ತಿತ್ತು. ಮೂರು ವರ್ಷದಿಂದ ಹೋಗುತ್ತಿದ್ದವನು ಟೈಮ್‌ಕೀಪರ್. ಬಸ್ಸುಗಳು ಬರುವ ಹೋಗುವ ಹೊತ್ತು ಬರೆಯುವವನು, ಯಾರಿಗೆ ಯಾವ ಡ್ಯೂಟಿ ಎಂದು ಹಾಕುವವನೂ ಅವನೇ. ಮೂರು ವರ್ಷವೂ ಕೊನೆಯ ಆಟದಲ್ಲಿ ಅವನೆದುರು ಕೂತು ಸೋತವಳು ಚೆಕಿಂಗಕ್ಕ. ಬರುವ ವರ್ಷ ಅವಳಿಗೆ ನಿವೃತ್ತಿ. ಈ ಸಲ ಆ ಒಂದು ಜಾಗ ಸಿಗದಿದ್ದರೆ ಮುಂದೆಂದೂ ಇಲ್ಲ.

ಗುರು ಬೇಕೆಂದು ಆಕೆ ಮೊದಲು ಹುಡುಕಿದ್ದು ಮೊಬೈಲಿನಲ್ಲಿ. ಅಲ್ಲೊಬ್ಬ ಕನ್ನಡಿಯ ಮುಂದೆ ಕೂತು ಮುಖ ಕಲ್ಲು ಮಾಡಿಕೊಳ್ಳಬೇಕೆಂದ, ಕಪ್ಪು ಕನ್ನಡಕ ಹಾಕಬೇಕೆಂದ. ಹಾಕಿಕೊಂಡು ಆಡಿದ ದಿನವೇ ಕೆಂಪು ಎಲೆ ಕಪ್ಪಾಗಿ ಕಂಡು, ಇಲ್ಲದ ಐದು ಇಸ್ಪೇಟನ್ನು ಮೇಜಿನ ಮೇಲೆ ಹೆಮ್ಮೆಯಿಂದ ಹರಡಿದಳು.

"ಅಕ್ಕಂಗೆ ಕಣ್ಣು ಬಂದಿದೆ ಕಣ್ರೋ, ದೂರ ಕೂತ್ಕೊಳ್ಳಿ!" ಎಂದ ಟೈಮ್‌ಕೀಪರ್. ಕೋಣೆಯೆಲ್ಲ ನಕ್ಕಿತು.

ಗಂಡ ಕ್ಷೌರಿಕ. ಊರಿನ ಅರ್ಧ ಸುದ್ದಿ ಅವನ ಕುರ್ಚಿಯಲ್ಲಿ ಕೂತು ಎದ್ದು ಹೋಗುತ್ತಿತ್ತು. ಅವನೇ ಒಂದು ದಿನ ಬಂದು ಹೇಳಿದ: "ಏನೇ, ಮೂಲೆ ಲಾಂಡ್ರಿ ಮುದುಕ ಇದಾನಲ್ಲ, ಹರೆಯದಲ್ಲಿ ದೊಡ್ಡ ದೊಡ್ಡ ಪಂದ್ಯ ಆಡಿದ್ನಂತೆ. ಹೋಗಿ ಕೇಳು. ಇಲ್ಲಿ ನನ್ನ ಮುಖ ಓದಿ ಓದಿ ಸಾಯಿಸ್ಬೇಡ."

ಲಾಂಡ್ರಿಯಲ್ಲಿ ಹಬೆ ತುಂಬಿತ್ತು. ಮುದುಕ ಅಂಗಿಯೊಂದರ ಕಾಲರ್ ಒತ್ತುತ್ತ, ತಲೆ ಎತ್ತದೆ ಅವಳ ಕಥೆ ಕೇಳಿದ.

"ಸೋತ ಮೂವತ್ತು ಆಟ ಬರ್ಕೊಂಡು ಬಾಮ್ಮ. ಯಾವ ಎಲೆ, ಯಾರು ಎಷ್ಟು ಬಿಲ್ಲೆ ಇಟ್ರು, ಯಾವಾಗ ಇಟ್ರು. ಮುಖದ ಸುದ್ದಿ ಬೇಡ."

ಬರೆದು ತಂದಳು. ಆಗಿನಿಂದ ಮುದುಕ ಅವಳಿಗೆ ಮೇಷ್ಟ್ರು. ಮೇಷ್ಟ್ರು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಓದಿದರು. ಓದುತ್ತ ಓದುತ್ತ ಅವರ ಹೊಟ್ಟೆ ಕುಲುಕತೊಡಗಿತು.

"ಯಾಕ್ ಮೇಷ್ಟ್ರೇ ನಗ್ತೀರಿ?"

"ನೀನು ಆಟ ಆಡ್ತಿಲ್ಲಮ್ಮ, ಟಿಕೆಟ್ ಕೇಳ್ತಿದ್ದೀಯ. ಮೂವತ್ತರಲ್ಲಿ ಇಪ್ಪತ್ತಾರು ಸಲ ಕೊನೇಲಿ 'ತೋರ್ಸು' ಅಂತ ಬಿಲ್ಲೆ ಸುರಿದಿದ್ದೀಯ. ಎದುರಿನವನು ಸುಳ್ಳು ಹೇಳಿ ದಕ್ಕಿಸ್ಕೊಂಡ್ರೆ ನಿನಗೆ ತಡ್ಯಲ್ಲ."

"ಸುಳ್ಳು ಅಂತ ಕಂಡ್ಮೇಲೂ ಬಿಡೋದಾ?"

"ಬಿಡ್ಬೇಕು. ಹತ್ತು ಕಳ್ಳರನ್ನ ಸುಮ್ನೆ ಇಳಿಸಿ ಕಳ್ಸು. ಹನ್ನೊಂದನೆಯವನನ್ನ ಹಿಡಿದ್ರೆ ಸಾಕು. ಇನ್ನೊಂದು, ಬಸ್ಸಲ್ಲಿ ಹೆಗಲು ಮುಟ್ಕೊಳ್ಳೋನು ಕಳ್ಳ. ಇಲ್ಲಿ ಹೆಗಲು ಮುಟ್ಕೊಳ್ಳೋನು ನಿನಗೋಸ್ಕರಾನೇ ಮುಟ್ಕೊಳ್ತಿರ್ತಾನೆ."

ಮರುದಿನದಿಂದ ಪಾಠ. ಮೇಷ್ಟ್ರು ಮೇಜಿನ ನಡುವೆ ತಂತಿ ಕಟ್ಟಿ ಒಗೆದ ಬಿಳಿಯ ದುಪ್ಪಟಿ ಇಳಿಬಿಟ್ಟರು. ಆಚೆ ಅವರು, ಈಚೆ ಇವಳು. ದುಪ್ಪಟಿಯ ಕೆಳಗೆ ಕಾಣುತ್ತಿದ್ದುದು ಎಲೆಗಳು, ಬಿಲ್ಲೆಗಳು, ಸುಟ್ಟ ಕಲೆಗಳಿದ್ದ ಮುದುಕನ ಬೆರಳುಗಳು ಮಾತ್ರ. ಮೊದಲ ವಾರ ಆಕೆಗೆ ಕಣ್ಣು ಕಟ್ಟಿ ಬಾವಿಯ ಅಂಚಿನಲ್ಲಿ ನಿಲ್ಲಿಸಿದಂತಾಯಿತು. ತಡೆಯಲಾರದೆ ಒಮ್ಮೆ ದುಪ್ಪಟಿಯ ಅಂಚು ಸರಿಸಿ ಇಣುಕಿದಳು.

"ಕೈ ತೆಗಿ. ಅದು ಗಿರಾಕೀದು," ಎಂದರು ಮೇಷ್ಟ್ರು.

ಎರಡು ತಿಂಗಳು ಕಳೆಯಿತು. ಡಿಪೋದಲ್ಲಿ ಆಡಿದ್ದನ್ನೆಲ್ಲ ಬರೆದಳು, ಮುಖ್ಯವಾಗಿ ಟೈಮ್‌ಕೀಪರನ ಆಟವನ್ನು. ತೋರಿಸು ಎನ್ನದೆ ಎಲೆ ಎಸೆದು ಆಟ ಬಿಟ್ಟುಕೊಡುವುದನ್ನು ಕಲಿತಳು. ಎಸೆದಾಗಲೆಲ್ಲ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ ಗಂಡ ಕೇಳಿದ, "ಇವತ್ತು ಎಷ್ಟು ಜನ ಕಳ್ಳರನ್ನ ಬಿಟ್ಟೆ?" "ಒಂಬತ್ತು," ಎಂದಳು, ತಾನೇ ಕಳ್ಳತನ ಮಾಡಿದವಳಂತೆ.

ಪಂದ್ಯ ಒಂದು ಭಾನುವಾರ ಮಧ್ಯಾಹ್ನ. ಹದಿನಾರು ಜನರಲ್ಲಿ ಕೊನೆಗುಳಿದವರು ಮತ್ತೆ ಅವರಿಬ್ಬರೇ. ಮೆಕ್ಯಾನಿಕ್‌ಗಳು, ಕಂಡಕ್ಟರ್‌ಗಳು ಬೆಂಚು ಹತ್ತಿ ನಿಂತರು. ಸಂಘದ ಕಾರ್ಯದರ್ಶಿ ಎಲೆ ಹಂಚುತ್ತಿದ್ದ. ಆಡುವವರಿಗೆ ಮುಚ್ಚಿದ ಎರಡೆರಡು ಎಲೆ, ನಡುವೆ ಇಬ್ಬರಿಗೂ ಸೇರಿ ತೆರೆದ ಐದು. ಮೊದಲು ಮೂರು, ಆಮೇಲೆ ಒಂದು, ಕೊನೆಗೊಂದು.

ಆಗ ಅವಳ ಬಿಲ್ಲೆಗಳೇ ತುಸು ಹೆಚ್ಚಿದ್ದವು. ಕೈಯಲ್ಲಿ ರಾಜ ಮತ್ತು ಹತ್ತು. ನಡುವೆ ಬಿದ್ದದ್ದು ಆಟಿನ್ ರಾಜ, ಇಸ್ಪೇಟ್ ಒಂಬತ್ತು, ಇಸ್ಪೇಟ್ ನಾಲ್ಕು. ರಾಜರ ಜೋಡಿ ಸಿಕ್ಕಿತೆಂದು ಬಿಲ್ಲೆ ಇಟ್ಟಳು. ಅವನೂ ಅಷ್ಟೇ ಇಟ್ಟು ಸುಮ್ಮನಾದ. ನಾಲ್ಕನೆಯದು ಕಳಾವರ್ ಎರಡು. ಮತ್ತೆ ಇಟ್ಟಳು, ಮತ್ತೆ ಅವನು ಹಿಂಬಾಲಿಸಿದ. ಕೊನೆಯದಾಗಿ ಇಸ್ಪೇಟ್ ಏಳು ಬಿತ್ತು.

ಟೈಮ್‌ಕೀಪರ್ ತನ್ನ ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ಮುಂದೆ ತಳ್ಳಿದ.

ತಳ್ಳಿದವನೇ ಕಿಟಕಿಯಾಚೆಯ ಡೀಸೆಲ್ ಬಂಕಿನತ್ತ ನೋಡತೊಡಗಿದ. ಕತ್ತು ಕೆಂಪಾಯಿತು. ಎಂಜಲು ನುಂಗಿದ. ಚೆಕಿಂಗಕ್ಕನ ಮೈಯೆಲ್ಲ ಒಂದೇ ಮಾತು ಹೇಳಿತು: ಇವನ ಬಳಿ ಟಿಕೆಟ್ ಇಲ್ಲ. ಕೈ ತಾನಾಗಿ ಬಿಲ್ಲೆಗಳ ಮೇಲೆ ಹೋಯಿತು.

"ಕೇಳಕ್ಕಾ, ಕೇಳು!" ಎಂದ ಬೆಂಚಿನ ಮೇಲಿನ ಕಂಡಕ್ಟರ್.

ಕಣ್ಣು ಮುಚ್ಚಿದಳು. ಬಿಲ್ಲೆಗಳನ್ನಷ್ಟೇ ನೆನೆದಳು. ಎರಡು ಸಲ ಸುಮ್ಮನೆ ಹಿಂಬಾಲಿಸಿದವನು ಏನನ್ನೋ ಕಾಯುತ್ತಿದ್ದ. ಮೂರನೆಯ ಇಸ್ಪೇಟ್ ಬಿದ್ದ ತಕ್ಷಣ ಎಲ್ಲ ತಳ್ಳಿದ. ಅವನ ಕೈಯಲ್ಲಿ ಇನ್ನೆರಡು ಇಸ್ಪೇಟ್ ಇದ್ದರೆ ಐದೂ ಇಸ್ಪೇಟಾಗಿ, ಅವಳ ರಾಜರು ಲೆಕ್ಕಕ್ಕಿಲ್ಲ. ಇಟ್ಟ ಬಿಲ್ಲೆಗೂ ಬಿದ್ದ ಎಲೆಗೂ ತಾಳೆಯಿತ್ತು. ಸುಳ್ಳೇ ಇರಬಹುದು. ಆದರೂ ತಾಳೆಯಿತ್ತು.

ರಾಜನನ್ನು ಮಗುಚಿ ಎಸೆದಳು.

"ಥತ್!" ಎಂದಿತು ಕೋಣೆ. ಟೈಮ್‌ಕೀಪರ್ ತನ್ನ ಎಲೆಗಳನ್ನು ತೋರಿಸದೆ ಕಟ್ಟಿನೊಳಗೆ ತುರುಕಿದ. "ಏನಕ್ಕಾ, ಚೆಕ್ ಮಾಡ್ದೇನೇ ಇಳಿದ್ಬಿಟ್ರಿ? ವಯಸ್ಸಾಯ್ತು ಬಿಡಿ."

ಅವಳ ಕಿವಿ ಬಿಸಿಯಾಯಿತು. ಅವನ ಕೈಯಲ್ಲಿ ಏನಿತ್ತು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಮುಂದಿನ ಎಲೆಗಳನ್ನು ಎತ್ತಿಕೊಂಡಳು. ಈಗ ಅವಳ ಬಿಲ್ಲೆಗಳು ಅವನದಕ್ಕಿಂತ ಕಡಿಮೆ. ಇನ್ನೊಂದು ತಪ್ಪಿಗೆ ಜಾಗವಿರಲಿಲ್ಲ.

ಆರೇಳು ಸಣ್ಣ ಆಟಗಳಾದ ಮೇಲೆ ಎರಡು ಒಂಬತ್ತು ಬಂದವು. ಅವಳು ಇಟ್ಟಳು, ಅವನು ಹಿಂಬಾಲಿಸಿದ. ನಡುವೆ ಎಂಟು, ಐದು, ಎರಡು, ಬೇರೆ ಬೇರೆ ಬಣ್ಣ. ಮತ್ತೆ ಇಟ್ಟಳು, ಮತ್ತೆ ಹಿಂಬಾಲಿಸಿದ. ನಾಲ್ಕನೆಯದಾಗಿ ರಾಣಿ ಬಿತ್ತು, ಇಬ್ಬರೂ ಸುಮ್ಮನಿದ್ದರು. ಕೊನೆಯದು ಎಕ್ಕ.

ಅವನು ಮತ್ತೆ ಎಲ್ಲವನ್ನೂ ತಳ್ಳಿದ. ಈ ಸಲ ಕತ್ತು ಕೆಂಪಾಗಲಿಲ್ಲ. ತಿಂಗಳ ಪಾಸು ಜೇಬಿನಲ್ಲಿರುವ ಗುಮಾಸ್ತನಂತೆ ಆರಾಮವಾಗಿ ಅವಳನ್ನೇ ನೋಡುತ್ತ ಕೂತ. ಇಪ್ಪತ್ತೊಂಬತ್ತು ವರ್ಷದಲ್ಲಿ ಇಂಥ ಮುಖದವನ ಬಳಿ ಆಕೆ ಟಿಕೆಟ್ ಕೇಳಿದ್ದೇ ಇಲ್ಲ.

"ಇಳೀರಿ ಅಕ್ಕಾ, ನಿಮ್ಮ ಸ್ಟಾಪ್ ಬಂತು," ಎಂದ.

ಅವಳು ಅವನ ಕೈಗಳನ್ನು ನೋಡಿದಳು. ಎಕ್ಕ ಇದೆ ಎನ್ನುತ್ತಿದ್ದಾನೆ. ಆದರೆ ಎರಡು ತಿಂಗಳ ಬರಹದಲ್ಲಿ, ಎಕ್ಕ ಬಂದಾಗಲೆಲ್ಲ ಎಲೆ ಹಂಚಿದ ಕೂಡಲೇ ಅವನು ಬಿಲ್ಲೆ ಏರಿಸಿದ್ದ. ಒಮ್ಮೆಯೂ ತಪ್ಪಿಸಿರಲಿಲ್ಲ. ಈಗ ಏರಿಸಿಲ್ಲ. ರಾಣಿಯ ಜೋಡಿ ಸಿಕ್ಕಿದ್ದರೆ ನಾಲ್ಕನೆಯ ಎಲೆಗೆ ಸುಮ್ಮನಿರುತ್ತಿರಲಿಲ್ಲ. ಅವಳು ರಾಜನನ್ನು ಎಸೆದದ್ದನ್ನು ನೋಡಿ, ಹೆದರಿದ್ದಾಳೆಂದು ನಂಬಿದ್ದಾನೆ.

ತಪ್ಪಿದರೆ ಇಲ್ಲಿಗೆ ಮುಗಿಯಿತು. ಉಳಿದ ಬಿಲ್ಲೆಗಳನ್ನೆಲ್ಲ ನಿಧಾನವಾಗಿ ಮುಂದೆ ತಳ್ಳಿದಳು.

"ಟಿಕೆಟ್," ಎಂದಳು.

ಟೈಮ್‌ಕೀಪರ್ ಎಲೆಗಳನ್ನು ತಿರುಗಿಸಲು ತಡಮಾಡಿದ. ಕಾರ್ಯದರ್ಶಿಯೇ ಕೈ ಚಾಚಿ ತಿರುಗಿಸಿದ: ಆರು, ಏಳು. ನಾಲ್ಕೋ ಒಂಬತ್ತೋ ಬಿದ್ದಿದ್ದರೆ ಐದು ಎಲೆ ಸಾಲಾಗುತ್ತಿತ್ತು. ಎರಡೂ ಬಿದ್ದಿರಲಿಲ್ಲ. ಅವನ ಬಳಿ ಏನೂ ಇರಲಿಲ್ಲ.

ಬೆಂಚು ಮುರಿಯುವಂತೆ ಕೂಗೆದ್ದಿತು. ಟೈಮ್‌ಕೀಪರನ ಮುಂದೆ ಉಳಿದದ್ದು ಅವಳಿಗಿಂತ ಹೆಚ್ಚಿದ್ದ ಬೆರಳೆಣಿಕೆಯ ಬಿಲ್ಲೆಗಳು. ಇನ್ನೆರಡು ಆಟಕ್ಕೆ ಅವೂ ಹೋದವು.

ದೊಡ್ಡ ಪಂದ್ಯಾವಳಿಯ ಅರ್ಜಿಯ ಮೇಲೆ ಚೆಕಿಂಗಕ್ಕನ ಸಂಬಳದ ಚೀಟಿಯಲ್ಲಿದ್ದ ಹೆಸರನ್ನು ಕಾರ್ಯದರ್ಶಿ ಕೇಳಿ ಕೇಳಿ ಬರೆದುಕೊಂಡ.

"ಆ ಇಸ್ಪೇಟಿನ ಆಟ... ಏನಿತ್ರೀ ನಿಮ್ಮ ಕೈಲಿ?" ತಡೆಯಲಾರದೆ ಕೇಳಿಯೇಬಿಟ್ಟಳು.

"ಹೇಳಲ್ಲ," ಎಂದ ಟೈಮ್‌ಕೀಪರ್, ಬಿಲ್ಲೆಗಳನ್ನು ಡಬ್ಬಕ್ಕೆ ತುಂಬುತ್ತ. "ರಿಟೈರ್ ಆದ್ಮೇಲೂ ನಿಮಗೆ ಯೋಚ್ನೆ ಮಾಡೋಕೆ ಒಂದು ಇರ್ಲಿ." ಆಮೇಲೆ ಡ್ಯೂಟಿ ಪಟ್ಟಿಯನ್ನು ಎಳೆದುಕೊಂಡು ಕನ್ನಡಕ ಏರಿಸಿದ. "ಪಂದ್ಯಾವಳಿಗೆ ನಾಲ್ಕು ದಿನ ರಜೆ ಬೇಕಲ್ಲ. ನಿಮ್ಮ ಲೈನಿಗೆ ಯಾರನ್ನ ಹಾಕ್ಲಿ ಈಗ?"

"ಯಾರನ್ನಾದ್ರೂ ಹಾಕಿ. ಇಲ್ಲ ಬಿಡಿ, ಯಾರೂ ಬೇಡ."

"ಜನ ಟಿಕೆಟ್ ಇಲ್ದೆ ಓಡಾಡ್ತಾರಲ್ಲ?"

ಅವಳು ಹಲ್ಲು ಕಚ್ಚಿಕೊಂಡಳು.

"ನಾಲ್ಕು ದಿನ ತಾನೆ," ಎಂದಳು. "ಓಡಾಡ್ಲಿ."